ಬೀಳುವ ಕಲ್ಲು ಮತ್ತು ಗುರುವಚನ

ಗುರುವಿನ ಮಾತು ಒಂದೆಡೆ ತಪ್ಪೆಂದು ಕಂಡಾಗ ಶಿಷ್ಯನು ಮಾಡಬೇಕಾದುದೇನು? ಕಂಡುದನ್ನು ಮುಚ್ಚಿಡುವುದು ಭಕ್ತಿಯೆ? ಎತ್ತಿ ಆಡುವುದು ದ್ರೋಹವೆ? ಖಂಡನ ಮಂಡನಗಳ ನಡುವೆಯೇ ಬೆಳೆದ ನಮ್ಮ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಇದೇ ಪ್ರಶ್ನೆಯು ದೂರದ ಯವನ ದೇಶದ ಪ್ರಕೃತಿವಿಚಾರದಲ್ಲಿಯೂ ಎದ್ದು, ಎರಡು ಸಾವಿರ ವರ್ಷಗಳ ಕಾಲ ನಡೆದು, ಇಂದಿನ ಚಲನಶಾಸ್ತ್ರದ ಹುಟ್ಟಿಗೆ ಹೇಗೆ ಕಾರಣವಾಯಿತೆಂಬುದನ್ನು ಸುಜ್ಞ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕ್ರಿ.ಪೂ. ೩೮೪ರಲ್ಲಿ ಜನಿಸಿದ ಅರಿಸ್ಟಾಟಲನು ಅಥೆನ್ಸ್ ನಗರದಲ್ಲಿ ಪ್ಲೇಟೋ ಎಂಬ ಮಹಾಜ್ಞಾನಿಯ ವಿದ್ಯಾಲಯದಲ್ಲಿ ಸುಮಾರು ೨೦ ವರ್ಷಗಳನ್ನು ಕಳೆದವನು. ಮುಂದೆ ತನ್ನ ನೀತಿಗ್ರಂಥದಲ್ಲಿ ಆ ಗುರುವಿನ ಸಿದ್ಧಾಂತವೊಂದನ್ನು ನಿರಾಕರಿಸುವ ಮುನ್ನ, ಇದು ತನಗೆ ಪ್ರಿಯವಾದ ಕೆಲಸವಲ್ಲವೆಂದೂ, ಆತ್ಮೀಯರೂ ಸತ್ಯವೂ ಎದುರುಬದುರಾದಾಗ ಅಗ್ರಪೂಜೆ ಸಲ್ಲಬೇಕಾದುದು ಸತ್ಯಕ್ಕೇ ಎಂದೂ ಅವನು ಹೇಳಿಕೊಂಡಿದ್ದಾನೆ. ಅವನು ಹಿಡಿದ ಆ ಅಳತೆಗೋಲು ಕಾಲಾಂತರದಲ್ಲಿ ಅವನ ಮಾತಿಗೇ ಬಂದಿತು.

ಅರಿಸ್ಟಾಟಲನ ಮತದಲ್ಲಿ ಪೃಥ್ವಿ, ಜಲ, ವಾಯು, ತೇಜಸ್ಸುಗಳಿಗೆ ತಮ್ಮ ತಮ್ಮ ಸ್ವಸ್ಥಾನಗಳುಂಟು. ಮಣ್ಣು ಕೆಳಕ್ಕೆ, ಬೆಂಕಿ ಮೇಲಕ್ಕೆ ಸಾಗುವುದು ಸಹಜ ಚಲನೆ. ಅದಕ್ಕೆ ವಿರುದ್ಧವಾಗಿ ಸಾಗಿಸುವುದು ಬಲಾತ್ಕಾರದ ಚಲನೆ. ತಳ್ಳುವ ವಸ್ತುವು ಮುಟ್ಟಿಕೊಂಡಿರುವವರೆಗೆ ಮಾತ್ರ ಅದು ನಡೆಯುತ್ತದೆ. ಹಾಗಾದರೆ ಕೈಬಿಟ್ಟ ಕಲ್ಲು ಮುಂದೆ ಹಾರುವುದೇಕೆ? ಎಸೆದವನ ಕೈಯು ಗಾಳಿಗೂ ನೂಕುವ ಶಕ್ತಿಯನ್ನು ಕೊಟ್ಟಿರುತ್ತದೆ, ಆ ಗಾಳಿಯೇ ಕಲ್ಲನ್ನು ಒಯ್ಯುತ್ತದೆ ಎಂದು ಅವನ ಸಮಾಧಾನ. ಬೀಳುವ ವಸ್ತುವಿನ ವೇಗವು ಅದರ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆಂಬುದೂ ಅವನ ಮತವೇ.

ಇಂದಿನ ಶಾಲಾ ಬಾಲಕನಿಗೂ ಇದು ನಗೆಯ ಮಾತಾಗಿ ತೋರೀತು. ಆದರೆ ನಗುವುದು ತರವಲ್ಲ. ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಒಣಗಿದ ಎಲೆ ತೇಲುತ್ತ ಬರುವಷ್ಟರಲ್ಲಿ ಕಲ್ಲು ನೆಲ ಸೇರಿರುತ್ತದೆ. ಪ್ರತ್ಯಕ್ಷವನ್ನು ಅಲಕ್ಷಿಸಿದನೆಂದು ಅರಿಸ್ಟಾಟಲನನ್ನು ದೂರುವವರು ಅವನನ್ನು ಓದಿದವರಲ್ಲ. ಅವನ ತೊಡಕು ಬೇರೆಡೆ ಇದೆ.

ಪ್ರಕೃತಿಯನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅವನು ಶೂನ್ಯಪ್ರದೇಶವೆಂಬುದು ಇಲ್ಲವೆಂದು ಸಾಧಿಸಲು ಹೊರಡುತ್ತಾನೆ. ಶೂನ್ಯವಿದೆಯೆನ್ನುವವರಿಗೆ ಅವನು ಒಡ್ಡುವುದು ನಮ್ಮ ತಾರ್ಕಿಕರು ಅನಿಷ್ಟಪ್ರಸಂಗವೆಂದು ಕರೆಯುವ ಅಸ್ತ್ರವನ್ನೇ. ಶೂನ್ಯದಲ್ಲಿ ಒಮ್ಮೆ ಚಲಿಸಿದ ವಸ್ತುವು ಇಲ್ಲಿಯೇ ನಿಲ್ಲಬೇಕು, ಅಲ್ಲಿ ನಿಲ್ಲಬಾರದು ಎನ್ನಲು ಕಾರಣವೆಲ್ಲಿದೆ? ಬಲವತ್ತರವಾದುದೊಂದು ತಡೆಯದಿದ್ದರೆ ಅದು ಎಂದೆಂದಿಗೂ ಸಾಗುತ್ತಲೇ ಇರಬೇಕಾದೀತು! ಮತ್ತೂ, ಸೀಳಿಕೊಂಡು ಹೋಗಲು ಗಾಳಿಯೇ ಇಲ್ಲದಿದ್ದಾಗ ಭಾರವಾದುದು ಮುಂದೆ, ಹಗುರವಾದುದು ಹಿಂದೆ ಎಂಬ ಭೇದಕ್ಕೆ ಎಡೆಯೆಲ್ಲಿ? ಎಲ್ಲ ವಸ್ತುಗಳೂ ಸಮವೇಗದಿಂದ ಬೀಳಬೇಕಾದೀತು! ಇವೆರಡೂ ಅಸಂಭವ, ಆದ್ದರಿಂದ ಶೂನ್ಯವಿಲ್ಲ.

ಎಂತಹ ವಿಚಿತ್ರ! ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ಸುಮಾರು ಎರಡು ಸಹಸ್ರಮಾನಗಳ ಅನಂತರ ಗೆಲಿಲಿಯೋ ನ್ಯೂಟನ್ನರು ಸ್ಥಾಪಿಸಿದ ಎರಡು ಮಹಾಸತ್ಯಗಳನ್ನು ಅವನು ತನ್ನ ಬುದ್ಧಿಬಲದಿಂದಲೇ ಮುಟ್ಟಿ, ಅಸಂಭವವೆಂದು ಕೈಬಿಟ್ಟನು. ಇದಕ್ಕೆ ಎದುರುವಾದಿಯು ಹೇಳಬೇಕಾದ ಉತ್ತರವು ಒಂದೇ ಪದ: ಇಷ್ಟಾಪತ್ತಿ. 'ನೀನು ಅನಿಷ್ಟವೆಂದುದು ನನಗೆ ಇಷ್ಟವೇ' ಎನ್ನುವುದಕ್ಕೆ ಧೈರ್ಯ ಬೇಕು. ಬಂಡಿ ನಿಲ್ಲುವುದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ವ್ಯಾಪ್ತಿಗೆ ಹಸಿ ಸೌದೆಯು ಹೇಗೆ ಉಪಾಧಿಯೋ, ಎಳೆತ ನಿಂತರೆ ಚಲನೆ ನಿಲ್ಲುತ್ತದೆಂಬ ವ್ಯಾಪ್ತಿಗೆ ನೆಲದ ಘರ್ಷಣೆಯೂ ಗಾಳಿಯ ತಡೆಯೂ ಹಾಗೆಯೇ ಉಪಾಧಿಗಳು. ಎಲ್ಲೆಡೆಯೂ ಇದ್ದುದರಿಂದಲೇ ಅವು ಯಾರ ಕಣ್ಣಿಗೂ ಬೀಳಲಿಲ್ಲ.

ಪರಂಪರೆಯೊಳಗೇ ಪರೀಕ್ಷೆ ಮಾತ್ರ ನಡೆದೇ ಇತ್ತು. ಅರಿಸ್ಟಾಟಲನ ವಿದ್ಯಾಪೀಠದ ಮೂರನೆಯ ಅಧಿಪತಿ ಸ್ಟ್ರಾಟೋ ಎಂಬವನು ಸೂರಿನಿಂದ ಇಳಿಯುವ ಮಳೆನೀರನ್ನು ಗಮನಿಸಿದನು. ಮೇಲೆ ಒಂದೇ ಎಳೆಯಾಗಿರುವ ನೀರು ಕೆಳಗೆ ಬರುತ್ತ ಹನಿಹನಿಯಾಗಿ ಒಡೆಯುವುದರಿಂದ, ಬೀಳುವ ವಸ್ತುವಿನ ವೇಗವು ಬೀಳುತ್ತ ಬೀಳುತ್ತ ಏರುತ್ತದೆಂದು ಅವನು ಸಾಧಿಸಿದನು. ಯಂತ್ರವಿಲ್ಲ, ಗಣಿತವಿಲ್ಲ, ಜಗಲಿಯ ಮೇಲೆ ಕುಳಿತು ಯಾರಾದರೂ ನೋಡಬಹುದಾದ ಸಂಗತಿ.

ಕ್ರಿ.ಶ. ಆರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಫಿಲೋಪೊನಸನು ಇನ್ನೂ ಮುಂದೆ ಹೋದನು. ೫೧೭ರಲ್ಲಿ ಅರಿಸ್ಟಾಟಲನ ಪ್ರಕೃತಿಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ, ಗಾಳಿಯೇ ಕಲ್ಲನ್ನು ಒಯ್ಯುವುದಾದರೆ ಕಲ್ಲನ್ನು ಒಂದು ತುದಿಯ ಮೇಲಿಟ್ಟು ಹಿಂದಿನಿಂದ ಎಷ್ಟು ಯಂತ್ರಗಳಿಂದ ಗಾಳಿಯನ್ನು ನೂಕಿದರೂ ಅದು ಒಂದು ಮೊಳವೂ ಸರಿಯದಿರುವುದೇಕೆಂದು ಕೇಳಿದನು. ಕೈಯು ಕಲ್ಲಿನೊಳಗೇ ಒಂದು ಶಕ್ತಿಯನ್ನು ಇರಿಸುತ್ತದೆಂದನು. ಭಾರದಲ್ಲಿ ಬಹಳ ವ್ಯತ್ಯಾಸವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ಬೀಳುವ ಕಾಲದಲ್ಲಿ ಅತ್ಯಲ್ಪ ವ್ಯತ್ಯಾಸವೇ ಕಾಣುವುದೆಂದೂ ಬರೆದನು. ಇವನೂ ಪೂರ್ಣ ಸತ್ಯವನ್ನು ಕಂಡವನಲ್ಲ. ಆ ಶಕ್ತಿಯು ತಾನಾಗಿಯೇ ಸವೆದುಹೋಗುವುದೆಂದು ಅವನ ನಂಬಿಕೆ. ಗಮನಿಸಬೇಕಾದುದೇನೆಂದರೆ, ಈ ಆಕ್ಷೇಪಗಳನ್ನೆಲ್ಲ ಅವನು ಆಡಿದುದು ಆಚಾರ್ಯನ ಗ್ರಂಥದ ವ್ಯಾಖ್ಯಾನದಲ್ಲಿಯೇ. ಸಾಲುಸಾಲನ್ನೂ ಶ್ರದ್ಧೆಯಿಂದ ಬಿಡಿಸಿ ಹೇಳಿ, ಒಪ್ಪಲಾಗದಲ್ಲಿ ಒಪ್ಪಲಾರೆನೆಂದನು.

ಮುಂದೆ ಅವನು ಜಗತ್ತು ಅನಾದಿಯೆಂಬ ಅರಿಸ್ಟಾಟಲನ ಮತವನ್ನೇ ಖಂಡಿಸಿ ಬೇರೊಂದು ಗ್ರಂಥ ಬರೆದಾಗ, ಅದನ್ನು ಪ್ರತಿಖಂಡಿಸಲು ನಿಂತವನು ಸಿಂಪ್ಲಿಷಿಯಸ್. ಇಬ್ಬರೂ ಅಮ್ಮೋನಿಯಸನೆಂಬ ಒಬ್ಬನೇ ಗುರುವಿನ ಶಿಷ್ಯರು. ಆದರೂ ಇವನು ಅವನ ಹೆಸರೆತ್ತದೆ 'ಆ ವೈಯಾಕರಣ' ಎಂದೇ ಕರೆದು ಕಟುವಾಗಿ ನಿಂದಿಸುತ್ತಾನೆ. ಆ ಕೋಪಕ್ಕೆ ಹಿನ್ನೆಲೆಯೂ ಉಂಟು. ಫಿಲೋಪೊನಸನು ಕ್ರೈಸ್ತನು, ಸಿಂಪ್ಲಿಷಿಯಸನದು ಹಳೆಯ ಯವನಧರ್ಮ. ೫೨೯ರಲ್ಲಿ ಕ್ರೈಸ್ತ ಚಕ್ರವರ್ತಿ ಜಸ್ಟಿನಿಯನ್ನನು ಅಥೆನ್ಸಿನಲ್ಲಿ ತತ್ತ್ವಬೋಧನೆಯನ್ನು ನಿಷೇಧಿಸಿದನು. ಸಿಂಪ್ಲಿಷಿಯಸನು ಆರು ಮಂದಿ ಸಂಗಡಿಗರೊಡನೆ ಪಾರಸಿಕ ದೊರೆಯ ಆಶ್ರಯವನ್ನು ಅರಸಿ ಹೋಗಬೇಕಾಯಿತು. ನೆಲೆ ತಪ್ಪಿದವನಿಗೆ ಉಳಿದ ಆಸ್ತಿ ಆ ಪ್ರಾಚೀನ ಗ್ರಂಥಗಳೊಂದೇ.

ಕಲ್ಲಿನೊಳಗಿನ ಶಕ್ತಿಯ ವಿಚಾರವನ್ನು ೧೪ನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನನು ತಿದ್ದಿ ಬೆಳೆಸಿ, ತಡೆಯಿಲ್ಲದಿದ್ದರೆ ಅದು ಸವೆಯದೆಂದನು. ಗೆಲಿಲಿಯೋ ೧೬೩೮ರಲ್ಲಿ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಅಳೆದ ಫಲವನ್ನು ಪ್ರಕಟಿಸಿದನು. ೧೬೮೭ರಲ್ಲಿ ನ್ಯೂಟನ್ನನು, ತಡೆಯದ ವಸ್ತುವು ಸರಳರೇಖೆಯಲ್ಲಿ ಸಾಗುತ್ತಲೇ ಇರುವುದೆಂಬುದನ್ನು ಮೊದಲನೆಯ ನಿಯಮವಾಗಿಯೇ ಇಟ್ಟನು. ಇಷ್ಟಾಪತ್ತಿಯೆಂಬ ಉತ್ತರವು ಕೊನೆಗೂ ಬಂದಿತು. ೧೯೭೧ರಲ್ಲಿ ಗಾಳಿಯಿಲ್ಲದ ಚಂದ್ರಮಂಡಲದಲ್ಲಿ ಗಗನಯಾತ್ರಿ ಸ್ಕಾಟನು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೆ ನೆಲ ಮುಟ್ಟಿದುದನ್ನು ಲೋಕವೇ ಕಂಡಿತು.

ಗೆಲಿಲಿಯೋ ತನ್ನ ಸಂವಾದಗಳಲ್ಲಿ ಹಳೆಯ ಮತವನ್ನೇ ಹಿಡಿದು ವಾದಿಸುವ ಪಾತ್ರಕ್ಕೆ ಸಿಂಪ್ಲಿಚಿಯೋ ಎಂದು, ಈ ಸಿಂಪ್ಲಿಷಿಯಸನ ಹೆಸರನ್ನೇ ಇಟ್ಟನು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಸ್ಟ್ರಾಟೋ ಕಂಡ ಸೂರಿನ ನೀರಿನ ವಿಷಯ ನಮಗೆ ಉಳಿದು ಬಂದಿರುವುದು ಸಿಂಪ್ಲಿಷಿಯಸನ ವ್ಯಾಖ್ಯಾನದಿಂದ. ನಮ್ಮಲ್ಲಿ ಚಾರ್ವಾಕರ ಮಾತುಗಳು ಅವರನ್ನು ಖಂಡಿಸಿದವರ ಪೂರ್ವಪಕ್ಷಗಳಲ್ಲಿ ಉಳಿದಂತೆ, ಅಲ್ಲಿಯೂ ಆಯಿತು. ಬೈಯುವ ಮೊದಲು ಸಿಂಪ್ಲಿಷಿಯಸನು ಎದುರಾಳಿಯ ವಾಕ್ಯಗಳನ್ನು ಎತ್ತಿ ಬರೆದುಕೊಂಡನು. ಅರಿಸ್ಟಾಟಲನ ವಿರುದ್ಧ ಫಿಲೋಪೊನಸನು ಬರೆದ ಆ ಮೂಲಗ್ರಂಥ ನಷ್ಟವಾಗಿದೆ. ಅದನ್ನು ಓದಬಯಸುವವರು ಇಂದಿಗೂ ಮುಖ್ಯವಾಗಿ ತೆರೆಯುವುದು ಸಿಂಪ್ಲಿಷಿಯಸನ ಪುಟಗಳನ್ನೇ.