ಕರಕರ ಎನ್ನುವುದು ಯಾರ ತಪ್ಪು?

ಜಯನಗರ, ಬನಶಂಕರಿಗಳ ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಮೂವತ್ತು ನಲವತ್ತು ವರ್ಷ ಹಾಲಿನ ಮೂಲೆಯಲ್ಲಿ ಕೂತು ಭೀಮಸೇನ ಜೋಶಿಯವರನ್ನೂ ರಾಜಕುಮಾರ್ ಅವರನ್ನೂ ಹಾಡಿಸಿದ ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆಗಳಿಗೆ ಹೊಸ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಅವು ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯ ವಿದ್ಯಾರ್ಥಿಯೊಬ್ಬನ ಪಾಲಾಗುತ್ತವೆ ಎಂದುಕೊಳ್ಳಿ. ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡು. ತಂದು ಜೋರಾಗಿ ಹಾಕಿದರೆ ಎಡಗಡೆಯ ಪೆಟ್ಟಿಗೆ ಕರಕರ ಎನ್ನುತ್ತದೆ. ‘ಮೋಸ ಹೋದೆ’ ಎಂಬ ಮಾತು ಮೊದಲು ಬಾಯಿಗೆ ಬರುತ್ತದೆ. ಏನು ಕೆಟ್ಟಿದೆ ಎಂದು ನೋಡುವುದು ಆಮೇಲೆ. ತೀರ್ಪು ಮೊದಲು, ವಿಚಾರಣೆ ಆಮೇಲೆ!

ಕರಕರ ಎನ್ನುವುದೇ ದೋಷವೇನಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದೆಳೆ ನೂಲು ಸಿಕ್ಕಿಸುತ್ತಾರೆ. ಅದರಿಂದ ಹುಟ್ಟುವ ಝೇಂಕಾರಕ್ಕಾಗಿಯೇ ಆ ನೂಲಿಗೆ ‘ಜೀವ’ ಎಂಬ ಹೆಸರು. ಅಂಥದೇ ಝೇಂಕಾರವನ್ನು ಸ್ಪೀಕರ್ ತನ್ನದಾಗಿ ಸೇರಿಸಿದರೆ ಅದು ರೋಗ. ಏಕೆಂದರೆ ಸ್ಪೀಕರಿನ ಕೆಲಸ ಬಂದದ್ದನ್ನು ಬಂದಂತೆ ಒಪ್ಪಿಸುವುದು. ಮಾರುವವರ ಕೆಲಸವೂ ಹಾಗೆಯೇ ಅಲ್ಲವೆ? ತಮಗೆ ಗೊತ್ತಿದ್ದಂತೆ ವಸ್ತುವನ್ನು ಒಪ್ಪಿಸಬೇಕು.

ಆದರೆ ಕೇಳದಿದ್ದರೂ ಕುಂದನ್ನು ಹೇಳಲೇಬೇಕೆ? ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಬಗ್ಗೆ ಇಬ್ಬರು ಸ್ಟೋಯಿಕ್ ಚಿಂತಕರ ವಾದವಿದೆ. ಮನೆಯೊಂದು ಮಾರಾಟಕ್ಕಿದೆ, ಅದರ ಮರಮುಟ್ಟು ಕೆಟ್ಟಿರುವುದು ಒಡೆಯನಿಗೆ ಮಾತ್ರ ಗೊತ್ತು. ಹೇಳದಿರುವುದೇ ಬೇರೆ, ಮೋಸವೇ ಬೇರೆ, ಕೊಳ್ಳುವವನು ನೋಡಿಕೊಳ್ಳಲಿ ಎನ್ನುತ್ತಾನೆ ಡಯೋಜೆನಿಸ್. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೆಟ್ಟದ್ದು ಎನ್ನುತ್ತಾನೆ ಆಂಟಿಪೇಟರ್. ಸಿಸೆರೊ ಆಂಟಿಪೇಟರನ ಪಕ್ಷ.

ನಮ್ಮ 1872ರ ಕರಾರು ಕಾಯ್ದೆ ನಡುವೆ ನಿಲ್ಲುತ್ತದೆ. ಅದರ 17ನೇ ಕಲಮಿನಲ್ಲಿ ಕುದುರೆಯ ಉದಾಹರಣೆಯಿದೆ. ಕುದುರೆಗೆ ಖಾಯಿಲೆಯೆಂದು ತಿಳಿದೂ ಹರಾಜಿನಲ್ಲಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು, ‘ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ’ ಎಂದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಅದೇ ಕಲಮಿನ ಪ್ರಕಾರ, ಗೊತ್ತಿರುವುದನ್ನು ಬೇಕೆಂದೇ ಮರೆಮಾಡುವುದೂ ವಂಚನೆಯೇ. ಜೋರಾಗಿಟ್ಟರೆ ಕರಕರ ಎನ್ನುತ್ತದೆಂದು ತಿಳಿದು, ವಾಲ್ಯೂಮ್ ಕಾಲುಭಾಗಕ್ಕಿಂತ ಮೇಲೇರದಂತೆ ಹಾಡಿಸಿ ತೋರಿಸುವವರ ನಡತೆಯನ್ನು ಬರಿಯ ಮೌನವೆನ್ನಲಾಗದು.

ಇಷ್ಟೆಲ್ಲ ಹೇಳಬಹುದಾದದ್ದು ಮಾರಿದವರಿಗೆ ಗೊತ್ತಿತ್ತು ಎಂದಾದಾಗ. ಅದಕ್ಕೆ ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎನ್ನುತ್ತಿದ್ದರು: ಇದು ಇದ್ದರೆ ಅದಿದೆ, ಇದು ಇಲ್ಲದಿದ್ದರೆ ಅದಿಲ್ಲ. ಸ್ಟೀರಿಯೊದಲ್ಲಿ ಎಲ್ಲವೂ ಎರಡೆರಡು ಇರುವುದರಿಂದ ಈ ಪರೀಕ್ಷೆ ಸುಲಭ. ಸೆಟ್ಟನ್ನು ಆಫ್ ಮಾಡಿ, ಎಡ ಬಲ ಸ್ಪೀಕರುಗಳ ವೈರುಗಳನ್ನು ಆಂಪ್ಲಿಫೈಯರಿನ ಹಿಂದೆ ಅದಲುಬದಲು ಮಾಡಿ. ಕರಕರ ಅದೇ ಪೆಟ್ಟಿಗೆಯಲ್ಲಿ ಉಳಿದರೆ ರೋಗ ಪೆಟ್ಟಿಗೆಯದು. ಇನ್ನೊಂದಕ್ಕೆ ಹೋದರೆ ಪೆಟ್ಟಿಗೆ ನಿರಪರಾಧಿ. ಆಗ ವೈರುಗಳನ್ನು ಮೊದಲಿನಂತೆ ಹಾಕಿ, ಒಳಬರುವ ಕೇಬಲ್ಲುಗಳನ್ನು ಅದಲುಬದಲು ಮಾಡಿ. ಈಗ ಕರಕರ ಪಕ್ಕ ಬದಲಿಸಿದರೆ ತಪ್ಪು ಕೇಬಲ್ಲಿನದೋ ಪ್ಲೇಯರಿನದೋ, ಬದಲಿಸದಿದ್ದರೆ ಆಂಪ್ಲಿಫೈಯರಿನದು.

ಉತ್ತರ ಕೆಲವೊಮ್ಮೆ ಕೊಂಡವನತ್ತಲೇ ಬೆರಳು ತೋರಿಸುತ್ತದೆ. ಎರಡೂ ಕಡೆ ಸದ್ದು ಒಡೆಯುತ್ತಿದ್ದರೆ, ಪ್ಲೇಯರನ್ನು ‘ಫೋನೊ’ ಎಂದು ಬರೆದ ತೂತಿಗೆ ಸಿಕ್ಕಿಸಿರಬಹುದು. ಗ್ರಾಮಫೋನ್ ಮುಳ್ಳಿನ ಕೆಲವೇ ಮಿಲಿವೋಲ್ಟುಗಳಿಗೆಂದು ಇರುವ ಜಾಗಕ್ಕೆ ಸಿಡಿ ಪ್ಲೇಯರಿನ ಎರಡು ವೋಲ್ಟು ಸುರಿದರೆ ಹಾಡು ಚಿಂದಿಯಾಗದೆ ಇರುತ್ತದೆಯೆ? ಗುಂಡಿ ತಿರುಗಿಸುವಾಗ ಮಾತ್ರ ಬರುವ ಚರಚರ ಬಹುಪಾಲು ಧೂಳಿನದು; ಕಾಂಟ್ಯಾಕ್ಟ್ ಕ್ಲೀನರಿಗೆ ಬಗ್ಗುತ್ತದೆ. ಇನ್ನು ಕೆಲವು ಸಲ ಯಾರದೂ ತಪ್ಪಿಲ್ಲ. ಕೋನಿನ ಅಂಚಿನ ಫೋಮ್ ಬಳಸಿದರೂ ಬಳಸದಿದ್ದರೂ ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ಗಂಡ ತೀರಿಹೋದ ಮೇಲೆ ಸ್ವಿಚ್ಚನ್ನೇ ಒತ್ತದ ಅಜ್ಜಿಗೆ, ಮುಂದಿನ ಬಟ್ಟೆಯ ಮರೆಯಲ್ಲಿ ಫೋಮ್ ಉದುರಿದ್ದು ಹೇಗೆ ತಿಳಿಯಬೇಕು?

ತಪ್ಪು ಯಾರದೂ ಅಲ್ಲದಿದ್ದರೂ ನಷ್ಟ ಮಾತ್ರ ಇದ್ದೇ ಇರುತ್ತದೆ. ಇವೆರಡನ್ನೂ ಕಲಸಿಬಿಡುವುದರಿಂದಲೇ ಹೆಚ್ಚಿನ ಜಗಳ. ನಷ್ಟಕ್ಕೆ ತಕ್ಕ ಅಪರಾಧಿಯೊಬ್ಬ ಇರಲೇಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಅಪರಾಧಿ ಇಲ್ಲದ ನಷ್ಟವನ್ನು ಹಂಚಿಕೊಳ್ಳಬಹುದು, ಆದರೆ ಅದಕ್ಕೆ ಮಾತು ಮೊದಲೇ ಆಗಿರಬೇಕು. ‘ಆಂಟಿ, ಇದ್ರಲ್ಲಿ ಏನಾದ್ರೂ ತೊಂದ್ರೆ ಇದ್ಯಾ? ಒಂದ್ಸಲ ಜೋರಾಗಿ ಹಾಕಿ ನೋಡ್ಲಾ? ಒಂದು ವಾರದೊಳಗೆ ಕೆಟ್ರೆ ರಿಪೇರಿ ಖರ್ಚು ಅರ್ಧರ್ಧ ಹಾಕೋಣ್ವಾ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಕಾಯ್ದೆಯ ಕುದುರೆ ಹೇಳುವುದೂ ಇದನ್ನೇ: ಕೇಳಿದ ಮೇಲೆ ಮೌನಕ್ಕೆ ಬೇರೆ ಅರ್ಥ ಬರುತ್ತದೆ.

ಆಂಟಿಪೇಟರನ ನಿಯಮ ಮಾರುವವರಿಗೆ ಮಾತ್ರ ಸೀಮಿತವಲ್ಲ. ಗುಜರಿಯ ಬೆಲೆಗೆ ಕೊಡಹೊರಟ ಅಜ್ಜಿಯ ಸೆಟ್ಟಿನ ನಿಜವಾದ ಬೆಲೆ ಹುಡುಗನಿಗೆ ಗೊತ್ತಿದ್ದರೆ ಅವನೂ ಬಾಯಿಬಿಡಬೇಕಲ್ಲ. ಸಿಸೆರೊ ಹೇಳುವ ಕ್ವಿಂಟಸ್ ಸ್ಕೇವೊಲಾ ಎಂಬಾತ ಜಮೀನು ಕೊಳ್ಳುವಾಗ ಒಂದೇ ಬೆಲೆ ಹೇಳಿ ಎಂದ. ಮಾರುವವನು ಹೇಳಿದ. ‘ಇದು ನೀವು ಹೇಳಿದ್ದಕ್ಕಿಂತ ಹೆಚ್ಚು ಬಾಳುತ್ತದೆ’ ಎಂದು ಸ್ಕೇವೊಲಾ ಒಂದು ಲಕ್ಷ ನಾಣ್ಯ ಸೇರಿಸಿಯೇ ಕೊಟ್ಟ. ಒಳ್ಳೆಯವನೆಂದು ಎಲ್ಲರೂ ಒಪ್ಪಿದರು. ಜಾಣನೆಂದು ಮಾತ್ರ ಒಪ್ಪಲಿಲ್ಲ.