ಕಾಕಾನ ಮಂತ್ರ, ಮುಚ್ಚದ ಬಾಗಿಲು

ಹೋದ ಬೇಸಿಗೆಯ ಒಂದು ರಾತ್ರಿ ಔರಾದದಿಂದ ಅಕ್ಕನ ಫೋನು. 'ತಮ್ಮಾ, ಸಣ್ಣಾಕಿಗಿ ಚೇಳ ಕಡ್ದದ. ಕಾಕಾಗ ಕರಸೀವಿ.'

ಕಾಕಾ ಅಂದರೆ ನಮ್ಮ ಓಣಿಯ ಹಿರಿಯರು. ಚೇಳಿನ ವಿಷ ಇಳಿಸುವವರು, ಒಂದು ಪೈಸೆ ಮುಟ್ಟದವರು. ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಚೀರಿದೆ: 'ಮಂತ್ರ ಗಿಂತ್ರ ಬ್ಯಾಡ, ಮೊದಲ ದವಾಖಾನಿಗಿ ಒಯ್ರಿ!' ಸ್ಪೀಕರ್ ಆನ್ ಇತ್ತು. ಕಾಕಾ ಅಲ್ಲೇ ಇದ್ದರಂತೆ. ಏನೂ ಅನ್ನದೆ ಎದ್ದು ಹೋದರು. ಕೂಸು ದವಾಖಾನೆಯಲ್ಲಿ ಚೇತರಿಸಿಕೊಂಡಿತು.

ನಾನು ಹೇಳಿದ್ದು ಸರಿ ಇತ್ತು. ಆದರೂ ನಿದ್ದೆ ಬರಲಿಲ್ಲ.

ನರಕೋಶದ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್, ಅದರ ಒಳಹೊರಗಿನ ವೋಲ್ಟೇಜ್ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್. ಸಣ್ಣದು ಅನಿಸುತ್ತದೆ, ಮೀಟರಿನ ಲೆಕ್ಕಕ್ಕೆ ತಂದರೆ ಒಂದು ಕೋಟಿ ವೋಲ್ಟಿಗೂ ಮಿಕ್ಕುತ್ತದೆ. ಆ ಸೆಳೆತದಲ್ಲಿ ಪೊರೆಯೊಳಗಿನ ಪ್ರೋಟೀನ್ ಬಾಗಿಲುಗಳು, ಅಂದರೆ ಅಯಾನ್ ಚಾನೆಲ್‌ಗಳು, ತೆರೆದು ಮುಚ್ಚುತ್ತವೆ. 1976ರಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ಕಪ್ಪೆಯ ಸ್ನಾಯುವಿನಲ್ಲಿ ಇಂಥ ಒಂದೇ ಬಾಗಿಲಿನ ವಿದ್ಯುತ್ತನ್ನು ಅಳೆದು ತೋರಿಸಿದರು. ಬಾಗಿಲು ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ. ಆದರೆ ಯಾವಾಗ? ಅದು ಅಣುಗಳ ಕುದಿತಕ್ಕೆ ಬಿಟ್ಟದ್ದು. ವೋಲ್ಟೇಜ್ ಬದಲಾದರೆ ತೆರೆಯುವ ಸಾಧ್ಯತೆ ಬದಲಾಗುತ್ತದೆ, ಅಷ್ಟೇ. ಒಂದು ಬಾಗಿಲನ್ನು ಒಂದು ಸಲ ನೋಡಿದರೆ ನಿಯಮ ಕಾಣದು. ಸಾವಿರ ಸಲ ನೋಡಬೇಕು.

ಕೆಂಪು ಚೇಳಿನ ವಿಷ ಸೋಡಿಯಂ ಬಾಗಿಲು ಮುಚ್ಚುವುದನ್ನು ತಡ ಮಾಡುತ್ತದೆ. ನರಗಳು ಸುಮ್ಮನಾಗುವುದಿಲ್ಲ, ಏಟು ಹೃದಯಕ್ಕೆ ತಾಗುತ್ತದೆ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಮಾತ್ರೆ ಕೊಟ್ಟು ಎಷ್ಟೋ ಜೀವ ಉಳಿಸಿದರು. ಕಡಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಉರಿ ತಿಂದು ತಾವಾಗೇ ಗುಣವಾಗುತ್ತಾರೆ. ಪುಣ್ಯ ಮಂತ್ರಕ್ಕೆ ಹೋಗುತ್ತದೆ. ಮಕ್ಕಳ ಮಾತು ಬೇರೆ.

ಅಂದರೆ ಕಾಕಾ ಸುಳ್ಳುಗಾರರಲ್ಲ. ಕಣ್ಣಾರೆ ಕಂಡದ್ದನ್ನೇ ನಂಬಿದ್ದಾರೆ. ಮಂತ್ರ ಹಾಕದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನೋಡುವ ಅವಕಾಶವೇ ಅವರಿಗೆ ಬರಲಿಲ್ಲ. (ನಾವು ಆಫೀಸಿನಲ್ಲಿ ಒಂದು ಪ್ರಾಜೆಕ್ಟ್ ಗೆದ್ದು ಹತ್ತು ಸ್ಲೈಡು ಪಾಠ ಹೇಳುವುದಿಲ್ಲವೇ?) ಸಾಧ್ಯತೆಯ ಲೆಕ್ಕ ನನ್ನ ಕಡೆಗಿತ್ತು, ಸರಿ. ಆ ಲೆಕ್ಕ ಹಿಡಿದು ಒಬ್ಬ ಮುದುಕನ ಐವತ್ತು ವರ್ಷದ ಮರ್ಯಾದೆಯನ್ನು ಎಲ್ಲರೆದುರು ಕಳೆಯಬಹುದೇ? ಕೂಸಿನ ಜೀವದ ಮುಂದೆ ಮರ್ಯಾದೆ ಯಾವ ಲೆಕ್ಕ ಅಂತೀರಿ. ಒಪ್ಪಿದೆ. ಆದರೆ 'ಗಿಂತ್ರ' ಅನ್ನದೆಯೂ ಗಾಡಿ ಹೊರಡುತ್ತಿತ್ತು.

ದೀಪಾವಳಿಗೆ ಹೋದಾಗ ಕಾಕಾನ ಮನೆಗೆ ಹೋದೆ. ಬಾಗಿಲಿನ ಕತೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅಂದರು: 'ಹಂಗಾರ ನಿನಗ ಸಣ್ಣಾಂವ ಇದ್ದಾಗ ಕಡ್ದಿತ್ತಲ್ಲ, ನಾ ಕೈ ಹಿಡದ ಮ್ಯಾಲೆ ಇಳೀಲಿಲ್ಲೇನು?'

'ಇಳೀತು, ಕಾಕಾ' ಅಂದೆ. ಅದೂ ನಿಜವೇ ಆಗಿತ್ತು.