ಹೆಸರು ತಿಳಿಯದ ಋಣ

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಎಣಿಸಿ, ಯಜ್ಞದಿಂದ, ಅಧ್ಯಯನದಿಂದ, ಸಂತಾನದಿಂದ ಅವನ್ನು ತೀರಿಸಬೇಕೆಂದು ದಾರಿಯನ್ನೂ ಹೇಳಿಟ್ಟರು. ಆದರೆ ಹೆಸರು, ಊರು, ಭಾಷೆ ಯಾವುದೂ ತಿಳಿಯದ, ಈಗಾಗಲೇ ತೀರಿಕೊಂಡ ಒಬ್ಬರ ಋಣವನ್ನು ತೀರಿಸುವುದು ಹೇಗೆ? ಇನ್ನೊಬ್ಬರ ಕಣ್ಣಿನ ಪಟಲವನ್ನು ಕಸಿ ಮಾಡಿಸಿಕೊಂಡು ಲೋಕವನ್ನು ನೋಡುತ್ತಿರುವ ನಮ್ಮಂಥವರಿಗೆ ಇದು ಬರಿಯ ಚರ್ಚೆಯ ವಿಷಯವಲ್ಲ.

ನಮ್ಮ ಕಾಯಿಲೆಗೆ ಕೆರಟೋಕೋನಸ್ ಎಂದು ಹೆಸರು. ಕಣ್ಣಿನ ಮುಂಭಾಗದಲ್ಲಿ ಗಾಜಿನಂತಿರುವ ಕಾರ್ನಿಯಾ ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಈ ಕಾಯಿಲೆಯಲ್ಲಿ ಅದು ತೆಳ್ಳಗಾಗುತ್ತ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ತೊಡಗುತ್ತದೆ. ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುತ್ತದೆ. ಬೀದಿಯ ಒಂದು ದೀಪ ನಾಲ್ಕಾಗಿ ಕಾಣುತ್ತದೆ. ಕಣ್ಣುಜ್ಜುವ ಅಭ್ಯಾಸದಿಂದ ಇದು ಹೆಚ್ಚುತ್ತದೆ. ಈಗ ರೈಬೋಫ್ಲೇವಿನ್ ಹನಿ ಹಾಕಿ, ಅತಿನೇರಳೆ ಕಿರಣ ಹಾಯಿಸಿ ಕಾರ್ನಿಯಾವನ್ನು ಗಟ್ಟಿಗೊಳಿಸುವ ಚಿಕಿತ್ಸೆ ಇದೆ. ಮಕ್ಕಳಲ್ಲಿ ಬೇಗ ಗುರುತಿಸಿದರೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲಿಸಬಹುದು. ನಾವು ಹದಿಹರೆಯದಲ್ಲಿದ್ದಾಗ ಅದು ಬಂದಿರಲಿಲ್ಲ. ನಮ್ಮ ಒಂದು ಕಣ್ಣಿಗೆ ಕಸಿಯಾಗಿದೆ; ಇನ್ನೊಂದು ಸರದಿಯಲ್ಲಿದೆ.

ಸರದಿಯಲ್ಲಿ ಹೆಸರು ಬರೆಸಿ ಕಾಯುವುದೆಂದರೆ ಯಾರದೋ ಸಾವನ್ನು ಹಾರೈಸಿದ ಹಾಗಲ್ಲವೇ? ಈ ಪ್ರಶ್ನೆ ರಾತ್ರಿ ನಿದ್ದೆಗೆಡಿಸುವಂಥದು. ನಾವಿರುವ ಕಾಸಿಮೇಡಿನ ಮೀನು ಬಂದರಿನಲ್ಲಿ ಕೊಳ್ಳುವವರು ಮೊದಲು ನೋಡುವುದು ಮೀನಿನ ಕಣ್ಣನ್ನು. ತಿಳಿಯಾಗಿದ್ದರೆ ಹೊಸ ಮೀನು, ಮಬ್ಬಾಗಿ ಗುಳಿಬಿದ್ದಿದ್ದರೆ ಹಳೆಯದು. ಮೀನು ತಿನ್ನದ ನಮಗೂ ಈ ಪಾಠ ಬಂತು. ಮನುಷ್ಯನ ಕಾರ್ನಿಯಾವೂ ಸಾವಿನ ನಂತರ ಕೆಡುತ್ತ ಹೋಗುತ್ತದೆ. ಆದ್ದರಿಂದಲೇ 6 ಗಂಟೆಯೊಳಗೆ ಅದನ್ನು ತೆಗೆಯಬೇಕೆನ್ನುತ್ತಾರೆ. ಸಾವು ನಮ್ಮ ಹಾರೈಕೆಗೆ ಕಾದು ಬರುವುದಿಲ್ಲ, ಅದು ಬಂದೇ ಬರುತ್ತದೆ. ಬಾರದೆ ಹೋಗಬಹುದಾದದ್ದು ಆ 6 ಗಂಟೆಯೊಳಗೆ, ಅಳುವಿನ ನಡುವೆ, ಒಬ್ಬ ಮಗನೋ ಮಡದಿಯೋ ಹೇಳುವ ‘ಆಗಲಿ’ ಎಂಬ ಮಾತು. ನಾವು ಕಾಯುತ್ತಿರುವುದು ಆ ಮಾತಿಗಾಗಿ.

ಆ ಮಾತಿಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. 1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೊಮೌಟ್ಸ್‌ನಲ್ಲಿ ಡಾ. ಎಡುವರ್ಡ್ ಝಿರ್ಮ್, ಗಾಯದಿಂದ ಕೆಟ್ಟು ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನ ಕಣ್ಣಿನ ಕಾರ್ನಿಯಾವನ್ನು, ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಯೊಬ್ಬನಿಗೆ ಕಸಿ ಮಾಡಿದರು. ಯಶಸ್ವಿಯಾದ ಮೊದಲ ಕಸಿ ಅದು. ನಮ್ಮ ದೇಶದ ಮೊದಲ ನೇತ್ರಬ್ಯಾಂಕು 1945ರಲ್ಲಿ ಇದೇ ಊರಿನ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಡಾ. ಆರ್. ಇ. ಎಸ್. ಮುತ್ತಯ್ಯನವರಿಂದ ಆರಂಭವಾಯಿತು.

ಕನ್ನಡಿಗರಾದ ನಮಗೆ ಕಣ್ಣು ಕೊಡುವ ಮಾತು ಹೊಸದೇನಲ್ಲ. ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಾಳಹಸ್ತಿ ಇಲ್ಲಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರ. 1954ರ ಚಿತ್ರದಲ್ಲಿ ಆ ಕಣ್ಣಪ್ಪನಾದ ರಾಜಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ, ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ 4 ಮಂದಿಗೆ ಕಸಿ ಮಾಡಿದರು. ಕಣ್ಣಪ್ಪನ ಭಕ್ತಿ ದೊಡ್ಡದು. ಆದರೆ ಯಾರಿಗೆ ಕೊಡುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು. ಪಡೆಯುವವರು ಯಾವ ಜಾತಿ, ಯಾವ ಭಾಷೆ, ಒಳ್ಳೆಯವರೋ ಕೆಟ್ಟವರೋ ಎಂದು ಕೇಳದೆ ಕೊಡುವ ಮನೆಯವರನ್ನು ಏನೆನ್ನೋಣ?

ಇನ್ನು ತೀರಿಸುವ ಮಾತು. ಅದೇ ರೂಪದಲ್ಲಿ ಹಿಂದಿರುಗಿಸಲು ನಮ್ಮಿಂದಾಗದು. ಕೆರಟೋಕೋನಸ್ ಇರುವ ಕಾರ್ನಿಯಾ ಪೂರ್ಣದಪ್ಪದ ಕಸಿಗೆ ಬಾರದು. ಹಾಗಾದರೆ ಪಡೆದದ್ದನ್ನು ಜೋಪಾನ ಮಾಡುವುದೇ ಮೊದಲ ಕಂತು. ಹೊತ್ತುಹೊತ್ತಿಗೆ ಹನಿ ಹಾಕಿಕೊಳ್ಳಬೇಕು, ಕಣ್ಣುಜ್ಜಬಾರದು. ಕೆಂಪು, ನೋವು, ಮಬ್ಬು ಕಂಡರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ದೇಹವು ಕಸಿಯನ್ನು ತಿರಸ್ಕರಿಸುವ ಸೂಚನೆ ಅದಾಗಿರಬಹುದು. ಹನಿ ಹಾಕಲು ಸೋಮಾರಿತನ ಮಾಡುವುದು ಕೊಟ್ಟವರಿಗೆ ಮಾಡುವ ಅಪಚಾರವೆಂದೇ ನಾವು ತಿಳಿದಿದ್ದೇವೆ.

ಎರಡನೆಯ ಕಂತು ಈ ಮಾತನ್ನು ನಾಲ್ಕು ಜನಕ್ಕೆ ಹೇಳುವುದು. ಕಾರ್ಡಿಗೆ ಸಹಿ ಹಾಕಿದ್ದರೆ ಸಾಲದು; ಆ ಹೊತ್ತಿಗೆ ಮನೆಯವರು ಫೋನ್ ಮಾಡಬೇಕು. ಪರವೂರಿನಲ್ಲಿರುವ ನಮ್ಮ ಮನೆಗಳಲ್ಲಿ ಸಾವಾದರೆ ಊರಿನ ಹಿರಿಯರು ರೈಲು ಹತ್ತಿ ಬರುವಷ್ಟರಲ್ಲಿ 6 ಗಂಟೆ ಕಳೆದಿರುತ್ತದೆ. ಕನ್ನಡಕ ಹಾಕುವವರೂ, ಪೊರೆ ತೆಗೆಸಿಕೊಂಡವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ, ಸಂಸ್ಕಾರಕ್ಕೆ ತಡವಾಗುವುದಿಲ್ಲ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನು ಆರಿಸಿ, ತಲೆಯ ಕೆಳಗೆ ದಿಂಬಿಟ್ಟರೆ ಸಾಕು.

ಓದುಗ ಬಂಧುಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಕೇಳುವಂತೆ ತಮ್ಮ ಇಚ್ಛೆಯನ್ನು ಹೇಳಿಬಿಡಲಿ. ಹಾಗೆ ಹೇಳಿದ ಮಾತ್ರಕ್ಕೆ ಯಾರ ಆಯುಷ್ಯವೂ ಕಡಿಮೆಯಾಗಲಾರದು.